ಹ್ಯಾಂಡಲ್ಲಿನ ಮೇಲೆ ನಾಲ್ಕು ಬಳೆ

ಜನವರಿ 9

ಪ್ರೀತಿಯ ಪುಟ್ಟಿ,

ಇಷ್ಟು ಹೊತ್ತಿಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ನಿನ್ನ ಬಾಗಿಲಿಗೆ ಬಂದಿರಬೇಕು. ಹೊರಗೆ ‘ಹೊಲಿಗೆ ಯಂತ್ರದ ಬಿಡಿಭಾಗ’ ಎಂದು ಬರೆದಿದ್ದೇನೆ. ಒಳಗಿರುವುದು ನನ್ನ ಸೈಕಲ್ಲು. ಹೌದು, ಅದೇ, ಗಾಳಿ ಸೀಳಲೆಂದೇ ಮಾಡಿದ ಕರಿ ಸೈಕಲ್ಲು. ಮಾರಿಬಿಟ್ಟೆ ಎಂದು ನಿನ್ನ ಅಣ್ಣನಿಗೆ ಹೇಳಿದ್ದೇನೆ. ಕೊಂಡವರು ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಇಳಿಜಾರಿನಲ್ಲಿ ಬಿದ್ದು ಕತ್ತು ಮುರಿದುಕೊಂಡ ದಿನ ಆಸ್ಪತ್ರೆಯ ವರಾಂಡದಲ್ಲಿ ಅವರು ಆಡಿದ ಮಾತು ನಿನಗೆ ಗೊತ್ತಲ್ಲ. “ಆ ಸೈಕಲ್ ಮನೇಲಿದ್ರೆ ನಾನಿರಲ್ಲ” ಎಂದಿದ್ದರು. ಡ್ರೈವಿಂಗ್ ಸ್ಕೂಲಿನಲ್ಲಿ ದಿನವಿಡೀ ‘ನಿಧಾನ, ನಿಧಾನ’ ಎಂದು ಪಾಠ ಹೇಳುವ ಮನುಷ್ಯ ಬೇರೇನು ಹೇಳಿಯಾರು. ಗಂಡನೋ ಸೈಕಲ್ಲೋ ಎಂಬ ಪ್ರಶ್ನೆಗೆ ಉತ್ತರ ಕೊಡಲು ನಾನು ಒಂದು ವಾರ ತೆಗೆದುಕೊಂಡೆ ಎಂಬುದು ನಿನ್ನಲ್ಲೇ ಇರಲಿ.

ಅದಕ್ಕೇ ಈ ವಿಷಯ ಫೋನಿನಲ್ಲಿ ಬೇಡ. ನಮ್ಮ ಮನೆಯ ಫೋನಿನ ಮಾತು ಗೋಡೆಯಾಚೆಗೂ ಕೇಳುತ್ತದೆ. ಮೆಸೇಜು ಬಂದರೆ ಅವರೇ ಮೊದಲು ಓದಿ, ‘ಪುಟ್ಟಿ ಏನೋ ಕಳಿಸಿದ್ದಾಳೆ ನೋಡು’ ಎಂದು ಆಮೇಲೆ ನನಗೆ ಕೊಡುತ್ತಾರೆ. ನೀನು ನಮ್ಮ ಹೊಲಿಗೆ ವರ್ಕ್‌ಶಾಪಿನ ವಿಳಾಸಕ್ಕೆ ಬರಿ. ನನ್ನ ಕತ್ತರಿ ಮೇಜಿನ ಮೇಲೆ ಬೀಳುವ ಕಾಗದವೆಲ್ಲ ಯಾವುದೋ ಶಾಲೆಯ ಯೂನಿಫಾರ್ಮಿನ ಆರ್ಡರು ಎಂದೇ ಇಲ್ಲಿ ಎಲ್ಲರ ನಂಬಿಕೆ.

ಈಗ ಸೈಕಲ್ಲಿನ ವಿಷಯ. ಸೀಟಿನ ಕಂಬ ಚಪ್ಪಟೆ. ಬೇರೆ ಯಾವ ಕಂಬವೂ ಅಲ್ಲಿ ಕೂರುವುದಿಲ್ಲ. ತಂತಿಗಳೆಲ್ಲ ಹ್ಯಾಂಡಲ್ಲಿನ ಹೊಟ್ಟೆಯೊಳಗೇ ಹೋಗುತ್ತವೆ, ಹೊರಗಿನಿಂದ ನೋಡಿದವರು ಇದಕ್ಕೆ ಬ್ರೇಕೇ ಇಲ್ಲವೇ ಎಂದು ಕೇಳುತ್ತಾರೆ. ಹ್ಯಾಂಡಲ್ಲನ್ನು ಹಿಡಿದಿರುವ ಕೊಳವೆ ಅದರ ಮೇಲೂ ಒಂದು ಹೆಬ್ಬೆರಳಿನಷ್ಟು ಎದ್ದು ನಿಂತಿದೆ. ಆ ತುಂಡಿಗೆ ನಾಲ್ಕು ಕರಿ ಉಂಗುರ ತೊಡಿಸಿದೆ, ನಾನು ಬಳೆ ಎನ್ನುತ್ತೇನೆ. ಬಳೆಗಳನ್ನು ಹ್ಯಾಂಡಲ್ಲಿನ ಕೆಳಗೆ ಹಾಕಿದರೆ ಹ್ಯಾಂಡಲ್ ಏರುತ್ತದೆ, ಮೇಲೆ ಹಾಕಿದರೆ ಇಳಿಯುತ್ತದೆ. ಈ ಜಾತಿಯ ಸೈಕಲ್ಲಿನಲ್ಲಿ ಎತ್ತರ ಬದಲಾಯಿಸಲು ಇರುವ ದಾರಿ ಅದೊಂದೇ. ಜೋಡಿಸಿದ ದಿನ ಮೆಕ್ಯಾನಿಕ್ ಕೇಳಿದ್ದ: “ಮೇಲಿಂದು ಕತ್ತರಿಸಿಬಿಡ್ಲಾ ಮೇಡಂ? ನೋಡೋಕೆ ಚೆನ್ನಾಗಿರುತ್ತೆ.” ಬೇಡ ಎಂದೆ. ಮಕ್ಕಳು ಬೆಳೆಯುತ್ತಾರೆಂದು ಅಂಗಿಯ ಒಳಗೆ ಬಟ್ಟೆ ಬಿಟ್ಟೇ ಕತ್ತರಿಸುವವಳು ನಾನು, ಮನಸ್ಸು ಒಪ್ಪಲಿಲ್ಲ.

ಇನ್ನು ನನ್ನ ವಿಷಯ. ಕತ್ತಿನ ಆಪರೇಷನ್ ಮುಂದಿನ ತಿಂಗಳು. ಸೈಕಲ್ ಸಹವಾಸ ಮುಗಿಯಿತು, ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಸುಮ್ಮನೆ ನಿಂತ ಸೈಕಲ್ ಹಾಳಾಗುತ್ತದೆ, ನೀನು ಓಡಿಸು. ನಾವಿಬ್ಬರೂ ಹೆಚ್ಚು ಕಡಿಮೆ ಒಂದೇ ಎತ್ತರ. ನಿನ್ನ ಮೈಗೆ ಹೇಗೆ ಬೇಕೋ ಹಾಗೆ ಮಾಡಿಕೊ.

ನಿನ್ನ ಅತ್ತಿಗೆ

*

ಫೆಬ್ರವರಿ 2

ಅತ್ತಿಗೆ,

ಪೆಟ್ಟಿಗೆ ಸುರಕ್ಷಿತವಾಗಿ ಬಂತು. ಪಕ್ಕದ ಮನೆಯಾಕೆ “ಹೊಲಿಗೆ ಕಲೀತಿದ್ದೀಯಾ?” ಎಂದು ಕೇಳಿದರು. ಹೂಂ ಎಂದೆ. ಈಗ ಅವರ ಎರಡು ದಿಂಬಿನ ಕವರು ನನ್ನ ಮೇಜಿನ ಮೇಲೆ ಹೊಲಿಗೆಗೆ ಕಾಯುತ್ತಾ ಕೂತಿವೆ. ಅವನ್ನು ನಿಮಗೆ ಕಳಿಸಲೇ?

ನನ್ನ ಹಳೆಯ ಸೈಕಲ್ಲು ತುಳಿದರೆ ಹೋಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಇದು ತುಳಿಯುವುದನ್ನು ಬಿಟ್ಟ ಮೇಲೂ ಹೋಗುತ್ತಲೇ ಇರುತ್ತದೆ, ಪಾಠ ಮುಗಿದ ಮೇಲೂ ಮಾತು ನಿಲ್ಲಿಸದ ಅಣ್ಣನ ಹಾಗೆ. ನಮ್ಮ ಫ್ಯಾನ್ ಫ್ಯಾಕ್ಟರಿಯಿಂದ ವರ್ತುಲ ರಸ್ತೆಯವರೆಗಿನ ನೇರ ದಾರಿಯಲ್ಲಿ ಮೊದಲ ದಿನ ಜೋರಾಗಿ ಬಿಟ್ಟೆ. ವೇಗ ಹೆಚ್ಚಿದಂತೆ ಚಕ್ರಗಳಿಂದ ಒಂದು ಗುಂಯ್ ಸದ್ದು ಏಳುತ್ತದಲ್ಲ, ಅದನ್ನು ನೀವು ನನಗೆ ಹೇಳಿಯೇ ಇರಲಿಲ್ಲ. ದಿನವಿಡೀ ಫ್ಯಾನುಗಳ ಸದ್ದಿನಲ್ಲಿ ಇರುವವಳು ನಾನು. ಅಂಥ ಸದ್ದಿನಿಂದ ಖುಷಿಯಾದದ್ದು ಇದೇ ಮೊದಲು.

ಆಮೇಲೆ ಸೇತುವೆ ಬಂತು. ಪಕ್ಕದಿಂದ ಗಾಳಿ ಬೀಸಿತು. ಈ ಅಗಲ ಅಂಚಿನ ಚಕ್ರಗಳು ಎದುರುಗಾಳಿಯನ್ನು ಸೀಳುತ್ತವೆ, ಸರಿ. ಪಕ್ಕದ ಗಾಳಿಗೆ ಅವೇ ಹಾಯಿಯಾಗುತ್ತವೆ. ಮುಂದಿನ ಚಕ್ರವನ್ನು ಯಾರೋ ಕೈಹಾಕಿ ಎಳೆದ ಹಾಗಾಯಿತು. ಇಳಿದು ತಳ್ಳಿಕೊಂಡು ಹೊರಟೆ. ಬ್ರೆಡ್ ಹಂಚುವವನೊಬ್ಬ ಡಬ್ಬಾ ಸೈಕಲ್ಲಿನಲ್ಲಿ ನನ್ನನ್ನು ದಾಟಿ ಹೋಗುತ್ತಾ “ಪಂಕ್ಚರ್ರಾ?” ಎಂದ. ಅವನಿಗೂ ಹೂಂ ಎಂದೆ.

ಆಪರೇಷನ್ ಯಾವತ್ತು ಎಂದು ಅಣ್ಣ ಫೋನಿನಲ್ಲಿ ಹೇಳಿದ. ರಜೆ ಹಾಕಿ ಬರುತ್ತೇನೆ ಎಂದರೆ ನೀವೇ ಬೇಡವೆಂದಿರಂತೆ. ಯಾಕೆ?

ನಿಮ್ಮ ನಾದಿನಿ

*

ಮಾರ್ಚ್ 20

ಪ್ರೀತಿಯ ಪುಟ್ಟಿ,

ನೀನು ಬಂದು ನನ್ನ ಪಕ್ಕ ಕೂತಿದ್ದರೆ ಬಾಯಿ ತಪ್ಪಿ ಸೈಕಲ್ಲಿನ ಮಾತು ಬರುತ್ತಿತ್ತು. ಅದಕ್ಕೇ ಬೇಡವೆಂದೆ.

ಈಗ ಕೆಲಸಕ್ಕೆ ಹೋಗುತ್ತಿದ್ದೇನೆ. ಕತ್ತಿನ ಎರಡು ಮೂಳೆ ಸೇರಿಸಿ ಬಿಗಿದಿದ್ದಾರೆ. ಹಿಂದಿನಿಂದ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡಬೇಕು. ಹೀಗಾಗಿ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ನನ್ನ ಮೇಲೆ ಇದ್ದಕ್ಕಿದ್ದಂತೆ ಗೌರವ ಹುಟ್ಟಿದೆ. ಕಾಜ ಮಾಡುವ ಹೆಂಗಸು “ನೀವು ಈಗ ದೊಡ್ಡ ಆಫೀಸರ್ ಥರ ಕಾಣ್ತೀರಿ” ಎಂದಳು.

ಸೇತುವೆಯ ವಿಷಯ. ಪಕ್ಕದ ಗಾಳಿ ಬಡಿದಾಗ ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ಬೀಳುತ್ತೀಯ. ಮೊಣಕೈ ಸಡಿಲ ಬಿಡು. ತುಳಿಯುವುದನ್ನು ಮಾತ್ರ ನಿಲ್ಲಿಸಬೇಡ. ಕಾಲು ಆಡುತ್ತಿದ್ದರೆ ಸೈಕಲ್ ನೆಟ್ಟಗಿರುತ್ತದೆ. ಗಾಳಿಯ ಜೊತೆ ಜಗಳಕ್ಕೆ ಹೋದವರದ್ದು ಗಾಳಿ ಗುದ್ದಿ ಮೈ ನೋಯಿಸಿಕೊಂಡ ಕಥೆಯೇ.

ಸರಪಳಿ ಒರೆಸುತ್ತಿದ್ದೀಯ ತಾನೇ? ನೀರು ಬಿದ್ದ ದಿನ ಕೂಡಲೇ ಒರೆಸು. ಎಲ್ಲಿ ಇಟ್ಟಿದ್ದೀಯ, ಒಳಗೋ ಹೊರಗೋ? ಬಿಸಿಲು ಬೀಳುವ ಕಿಟಕಿಯ ಕೆಳಗೆ ಬೇಡ. ಟೈರಿಗೆ ಗಾಳಿ ಎಷ್ಟು ತುಂಬಿಸುತ್ತೀಯ? ಯಾಕಿಷ್ಟು ವಿಚಾರಣೆ ಅನ್ನಬೇಡ. ಸುಮ್ಮನೆ ಕೇಳಿದೆ.

ನಿನ್ನ ಅತ್ತಿಗೆ

*

ಏಪ್ರಿಲ್ 18

ಅತ್ತಿಗೆ,

ಮೊಣಕೈ ಸಡಿಲ ಬಿಟ್ಟೆ. ಸೇತುವೆ ದಾಟಿದೆ. ಬ್ರೆಡ್ಡಿನವನನ್ನೂ ದಾಟಿದೆ, ನಿಮಗೆ ತಿಳಿದಿರಲಿ.

ಇಲ್ಲಿನ ಸೈಕಲ್ ಕ್ಲಬ್ಬಿನವರ ಜೊತೆ ಭಾನುವಾರ ಹೋಗುತ್ತಿದ್ದೇನೆ. ಅವರಲ್ಲಿ ಒಬ್ಬ ಹಲ್ಲಿನ ಡಾಕ್ಟರು, ಯಾವತ್ತೂ ನನ್ನ ಬೆನ್ನ ಹಿಂದೆಯೇ ಅಂಟಿಕೊಂಡು ಬರುತ್ತಿದ್ದರು, ಗಾಳಿ ಮರೆಯಾಗಲಿ ಎಂದು. ಈಗ ಅವರ ದೂರು ಏನೆಂದರೆ, “ಈ ಸೈಕಲ್ ಹಿಂದೆ ಮರೆಯೇ ಸಿಗಲ್ಲಮ್ಮ, ನಿನ್ನ ಹಿಂದೆ ಬರೋದೂ ಒಂದೇ ಒಬ್ಬನೇ ಹೋಗೋದೂ ಒಂದೇ.” ಜೂನಿನಲ್ಲಿ ಒಂದು ಸ್ಪರ್ಧೆ ಇದೆ, ಒಬ್ಬೊಬ್ಬರೇ ಓಡಿಸಿ ಯಾರ ಸಮಯ ಕಡಿಮೆ ಎಂದು ನೋಡುವುದು. ಹೆಸರು ಕೊಟ್ಟಿದ್ದೇನೆ.

ಯಾರದಮ್ಮ ಈ ಸೈಕಲ್ಲು ಎಂದು ಎಲ್ಲರೂ ಕೇಳಿದರು. ನಂದೇ ಅಂದೆ. ತಪ್ಪಾ?

ನಿಮ್ಮ ನಾದಿನಿ

*

ಮೇ 16

ಅತ್ತಿಗೆ,

ನನ್ನ ಹೋದ ಪತ್ರಕ್ಕೆ ನೀವು ಉತ್ತರ ಬರೆಯಲಿಲ್ಲ. ಬೈಯುವುದಿದ್ದರೆ ಬರೆಯುತ್ತಿದ್ದಿರಿ, ಹಾಗಾಗಿ ತಪ್ಪಿಲ್ಲ ಎಂದುಕೊಂಡಿದ್ದೇನೆ.

ಒಂದು ತಮಾಷೆ ಹೇಳಬೇಕು. ನಮ್ಮ ಫ್ಯಾಕ್ಟರಿಯ ಟೆಸ್ಟಿಂಗ್ ರೂಮಿನಲ್ಲಿ ಒಂದು ಉದ್ದನೆಯ ಗಾಳಿಗೂಡು ಇದೆ. ಹೊಸ ಫ್ಯಾನು ಎಷ್ಟು ಗಾಳಿ ತಳ್ಳುತ್ತದೆ ಎಂದು ಅದರಲ್ಲಿಟ್ಟು ಅಳೆಯುವುದೇ ನನ್ನ ಕೆಲಸ. ರಜೆಯ ದಿನ ಸೂಪರ್‌ವೈಸರನ್ನು ಹೇಗೋ ಒಪ್ಪಿಸಿ ಸೈಕಲ್ಲನ್ನು ಅದರೊಳಗೆ ನಿಲ್ಲಿಸಿದೆ. ಅದರ ಮೈತುಂಬ ಹೊಲಿಗೆ ದಾರದ ತುಂಡು ಅಂಟಿಸಿದೆ. ಗಾಳಿ ನುಣ್ಣಗೆ ಜಾರಿಹೋಗುವ ಕಡೆ ದಾರ ನೆಟ್ಟಗೆ ಮಲಗುತ್ತದೆ, ಸಿಕ್ಕಿಕೊಂಡು ಸುಳಿಯುವ ಕಡೆ ಕುಣಿಯುತ್ತದೆ. ಎಲ್ಲ ದಾರಗಳೂ ಒಳ್ಳೆಯ ಮಕ್ಕಳ ಹಾಗೆ ಮಲಗಿದ್ದವು. ಹ್ಯಾಂಡಲ್ಲಿನ ಮೇಲೆ ನಿಂತ ಆ ಬಳೆಗಳ ಹಿಂದಿನದೊಂದು ಮಾತ್ರ ಹುಚ್ಚೆದ್ದು ಕುಣಿಯುತ್ತಿತ್ತು.

ಅದರಿಂದ ನಷ್ಟವೆಷ್ಟು ಎಂದು ಅಳೆದೆ. ಮುಳ್ಳು ಅಲ್ಲಾಡಲೇ ಇಲ್ಲ. ಏನೂ ನಷ್ಟವಿಲ್ಲ ಎಂದು ನನ್ನ ಯಂತ್ರವೇ ಹೇಳಿತು. ಆದರೂ ಕಣ್ಣಿಗೆ ಕಂಡದ್ದು ಕಂಡಿತು. ಆಮೇಲೆ ಹತ್ತಿದಾಗಲೆಲ್ಲ ಕಣ್ಣೆದುರು ಆ ದಾರವೇ ಕುಣಿಯತೊಡಗಿತು. ಮೊನ್ನೆ ಮೆಕ್ಯಾನಿಕ್ಕಿನ ಹತ್ತಿರ ಹೋಗಿ ಆ ತುಂಡು ಕತ್ತರಿಸಿ ಹಾಕಿಸಿದೆ. “ಯೋಚ್ನೆ ಮಾಡಿದ್ದೀರಾ? ಮತ್ತೆ ಬೆಳೆಯೋಕೆ ಇದೇನ್ ಉಗುರಲ್ಲ” ಎಂದ ಆತ. “ನಂಗೆ ಹ್ಯಾಂಡಲ್ ಇಷ್ಟೇ ಕೆಳಗೆ ಇರಬೇಕು, ಇನ್ಯಾರೂ ಓಡಿಸಲ್ಲ” ಎಂದೆ.

ಫೋಟೋ ಇಟ್ಟಿದ್ದೇನೆ. ಈಗ ಮುಂದಿನಿಂದ ಹಿಂದಿನವರೆಗೆ ಒಂದೇ ಗೆರೆ. ನೋಡಿದರೆ ನಿಮಗೂ ಹೊಟ್ಟೆಕಿಚ್ಚಾಗಬೇಕು.

ನಿಮ್ಮ ನಾದಿನಿ

*

ಮೇ 17

ಪ್ರೀತಿಯ ಪುಟ್ಟಿ,

ನಿನ್ನ ಏಪ್ರಿಲ್ ಪತ್ರಕ್ಕೆ ಉತ್ತರ ಬರೆಯಲು ಎರಡು ಸಲ ಕೂತೆ, ಎರಡು ಸಲವೂ ಹರಿದೆ. ನಂದೇ ಅಂದೆ, ತಪ್ಪಾ, ಎಂದು ನೀನು ಕೇಳಿದ್ದೆ. ತಪ್ಪಿಲ್ಲ ಎಂದು ಬರೆದರೆ ಸುಳ್ಳಾಗುತ್ತಿತ್ತು. ತಪ್ಪು ಎನ್ನಲು ನನಗೇನು ಹಕ್ಕು, ನಾನೇ ಕಳಿಸಿಕೊಟ್ಟವಳು. ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು.

ಈಗ ಹೇಳುತ್ತೇನೆ. ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಬರೆದಿದ್ದೆನಲ್ಲ, ಅದು ಜಂಬ. ಮತ್ತೆ ಹತ್ತುತ್ತೇನೆ ಎಂದು ಹೇಳಿ, ಹತ್ತಲಾಗದೆ, ನಿಮ್ಮೆಲ್ಲರ ಕನಿಕರ ನೋಡುವುದಕ್ಕಿಂತ ಬಿಟ್ಟೆ ಎಂದು ಹೇಳುವುದೇ ಸುಲಭವೆನಿಸಿತ್ತು. ಕತ್ತಿಗೆ ಹಾಕಿದ್ದ ಕಾಲರ್ ತೆಗೆದ ದಿನದಿಂದ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕತ್ತರಿ ಮೇಜಿನ ಅಂಚು ಹಿಡಿದು ಬಾಗಿ, ಎದುರು ಗೋಡೆಯ ಗಡಿಯಾರ ಕಾಣುತ್ತದೆಯೇ ಎಂದು ನೋಡುತ್ತಿದ್ದೇನೆ. ಮಾರ್ಚಿನಲ್ಲಿ ಮೇಜು ಮಾತ್ರ ಕಾಣುತ್ತಿತ್ತು. ಈ ವಾರ ಗಡಿಯಾರದ ಮುಳ್ಳು ಕಂಡಿತು.

ನಿನ್ನೆ ಡಾಕ್ಟರಲ್ಲಿ ಕೇಳಿಯೇಬಿಟ್ಟೆ. ಸ್ಟೂಲಿನ ಮೇಲೆ ಕೂರಿಸಿ, ಮೇಜಿಗೆ ಕೈ ಊರಿಸಿ, ಎಷ್ಟು ಬಾಗಿದರೆ ಎದುರಿನ ದಾರಿ ಕಾಣುತ್ತದೆ ಎಂದು ನೋಡಿದರು. ಅಳತೆ ಟೇಪು ನನ್ನದೇ. “ಹ್ಯಾಂಡಲ್ ಇಷ್ಟು ಮೇಲೆ ಬರೋದಾದ್ರೆ ಓಡಿಸಿ. ಇದಕ್ಕಿಂತ ಕೆಳಗಾದ್ರೆ ಬೇಡ, ರಸ್ತೆ ಕಾಣಲ್ಲ ನಿಮಗೆ” ಎಂದರು. ಲೆಕ್ಕ ಹಾಕಿದೆ. ನಾಲ್ಕೂ ಬಳೆ ಹ್ಯಾಂಡಲ್ಲಿನ ಕೆಳಗೆ ಹಾಕಿದರೆ ಸರಿಯಾಗಿ ಅಷ್ಟೇ ಎತ್ತರ. ಒಂದು ಕಡಿಮೆಯಾದರೂ ಸಾಲದು. ಅವತ್ತು ಕತ್ತರಿಸಬೇಡ ಎಂದದ್ದು ಎಷ್ಟು ಒಳ್ಳೆಯದಾಯಿತು ನೋಡು.

ಶಾಲೆ ತೆರೆಯುವ ಆರ್ಡರುಗಳು ಮುಗಿದ ಮೇಲೆ ಬರುತ್ತೇನೆ. ನಿನ್ನ ಸ್ಪರ್ಧೆ ಆಗಲಿ. ಆಮೇಲೆ ನೀನೊಂದು ನಾನೊಂದು ವಾರ ಎಂದು ಹಂಚಿಕೊಂಡರಾಯಿತು, ಬಳೆ ಮೇಲೆ ಕೆಳಗೆ ಮಾಡುವುದು ಅರ್ಧ ಗಂಟೆಯ ಕೆಲಸ. ನಿನ್ನ ಅಣ್ಣನಿಗೆ ನಾನೇ ಹೇಳುತ್ತೇನೆ.

ಖುಷಿಯಾಗಿದ್ದೇನೆ, ಪುಟ್ಟಿ. ಬೇರೆ ಯಾರಿಗೂ ಹೇಳಿಲ್ಲ.

ನಿನ್ನ ಅತ್ತಿಗೆ

*

ಮೇ 21

ಪುಟ್ಟಿ,

ನಿನ್ನ ಪತ್ರ, ಫೋಟೋ ಎರಡೂ ಬಂದವು. ನನ್ನದೂ ನಿನಗೆ ಸಿಕ್ಕಿರುತ್ತದೆ.

ಫೋಟೋ ಚೆನ್ನಾಗಿ ಬಂದಿದೆ. ನೀನು ಹೇಳಿದ ಹಾಗೆ ಒಂದೇ ಗೆರೆ. ನನ್ನ ಪತ್ರದಲ್ಲಿ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇಲ್ಲಿ ಕೈತುಂಬ ಕೆಲಸ. ಸ್ಪರ್ಧೆಯಲ್ಲಿ ನಿನಗೆ ಒಳ್ಳೆಯದಾಗಲಿ.

ಅತ್ತಿಗೆ

*

ಜೂನ್ 12

ಅತ್ತಿಗೆ,

ಇಷ್ಟು ದಿನ ಬರೆಯಲಿಲ್ಲ, ಏನಾದರೂ ಸರಿಮಾಡಿಕೊಂಡೇ ಬರೆಯೋಣ ಎಂದುಕೊಂಡಿದ್ದೆ. ಸರಿಯಾಗಲಿಲ್ಲ.

ನಿಮ್ಮ ಪತ್ರ ಓದಿದ ಸಂಜೆಯೇ ಮೆಕ್ಯಾನಿಕ್ಕಿನ ಹತ್ತಿರ ಓಡಿದೆ. ಕಸದ ಡಬ್ಬಿ ಮಗುಚಿ ಆ ತುಂಡನ್ನೂ ಬಳೆಗಳನ್ನೂ ಹುಡುಕಿ ತೆಗೆದೆವು. ಅಂಟಿಸಿ ಕೊಡಿ ಎಂದೆ. ಅದು ಕಬ್ಬಿಣವಲ್ಲ, ಕಾರ್ಬನ್ನು, ಕತ್ತರಿಸಿದ್ದನ್ನು ಅಂಟಿಸಲು ಬರುವುದಿಲ್ಲ ಎಂದ. “ಮನಸ್ಸಿದ್ರೆ ಅಂಟಿಸ್ಬೋದು, ಆದ್ರೆ ಇಳಿಜಾರಲ್ಲಿ ಹ್ಯಾಂಡಲ್ ಕೈಗೆ ಬಂದ್ರೆ?” ಎಂದು ಕೇಳಿದ. ನಿಮ್ಮ ಕತ್ತು ನೆನಪಾಯಿತು, ಅಂಟಿಸುವ ಯೋಚನೆ ಬಿಟ್ಟೆ. ಕೊಳವೆಯ ಮೇಲೆ ಇನ್ನೊಂದು ಕೊಳವೆ ಸೇರಿಸೋಣವೆಂದರೆ ತಂತಿಗಳೆಲ್ಲ ಒಳಗಿವೆ, ಈ ಹ್ಯಾಂಡಲ್ಲಿಗೆ ಅಂಥದ್ದು ಸಿಗುವುದಿಲ್ಲ. ಆ ಕೊಳವೆ ಮುಂದಿನ ಚಕ್ರ ಹಿಡಿಯುವ ಫೋರ್ಕಿನದೇ ಭಾಗ, ಹೊಸ ಫೋರ್ಕು ಹಾಕಿಸೋಣವೆಂದರೆ ಕಂಪನಿ ಮರು ವರ್ಷವೇ ಆಕಾರ ಬದಲಾಯಿಸಿದೆ. ನಿಮ್ಮ ಸೈಕಲ್ಲಿಗೆ ಕೂರುವ ಫೋರ್ಕನ್ನು ಈಗ ಮಾಡುತ್ತಿಲ್ಲ. ಹಳೆಯದಾದರೂ ಸಿಕ್ಕೀತೆಂದು ಕಂಡಕಂಡವರಿಗೆ ಬರೆದೆ. ಒಬ್ಬರಲ್ಲಿ ಇತ್ತು, ಅದನ್ನೂ ನನ್ನಂಥವರೇ ಯಾರೋ ಕತ್ತರಿಸಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಅದು ಈಗ ಅರ್ಥವಾಯಿತು. ನಷ್ಟವಿಲ್ಲ ಎಂದು ಯಂತ್ರ ಹೇಳಿತ್ತು ಅತ್ತಿಗೆ. ನಾನೇ ಅಳೆದದ್ದು.

ನಿಮ್ಮ ಮೇಲೂ ಸಿಟ್ಟು ಬಂತು. ಬರೆಯದಿದ್ದರೆ ಅದೂ ಸುಳ್ಳಾಗುತ್ತದೆ. ಮುಗಿಯಿತು ಎಂದವರು ನೀವು. ಮೈಗೆ ಹೇಗೆ ಬೇಕೋ ಹಾಗೆ ಮಾಡಿಕೊ ಎಂದವರೂ ನೀವು. ಸುಮ್ಮನೆ ಕೇಳಿದೆ ಎಂದು ಬರೆಯುವ ಬದಲು ನನ್ನದು, ಜೋಪಾನ ಎಂದು ಒಂದು ಸಾಲು ಬರೆದಿದ್ದರೆ ನಾನು ಆ ಕೊಳವೆಯ ಹತ್ತಿರ ಗರಗಸ ತರಗೊಡುತ್ತಿದ್ದೆನೇ? ಈಗಲೂ ಬೈಯದೆ ಫೋಟೋ ಚೆನ್ನಾಗಿದೆ ಎನ್ನುತ್ತೀರಿ. ಬೈದಿದ್ದರೆ ಒಂದು ಹೊತ್ತು ಅತ್ತು ಹಗುರವಾಗುತ್ತಿದ್ದೆ.

ಸ್ಪರ್ಧೆಗೆ ಹೋಗಲಿಲ್ಲ. ಸೈಕಲ್ಲಿಗೆ ಬಟ್ಟೆ ಮುಚ್ಚಿ ನಿಲ್ಲಿಸಿದ್ದೇನೆ. ಇನ್ನು ನಾನು ಅದನ್ನು ಮುಟ್ಟುವುದಿಲ್ಲ.

ನಿಮ್ಮ ನಾದಿನಿ

*

ಜೂನ್ 19

ಪ್ರೀತಿಯ ಪುಟ್ಟಿ,

ಬೈದೆ ಎಂದೇ ತಿಳಿದುಕೊ. ಸಿಟ್ಟು ಬಂತು, ತುಂಬಾ ಬಂತು. ನಿನ್ನ ಫೋಟೋ ಬಂದ ದಿನ ಒಂದು ಶಾಲೆಯ ಅಂಗಿಗಳನ್ನು ಕತ್ತರಿಸುತ್ತಿದ್ದೆ. ಸಂಜೆ ಹೊಲಿಯುವವರು ಬಂದು, “ಏನಿದು, ಎಲ್ಲಾ ಎಡಗೈ ತೋಳೇ ಇದೆ, ಬಲಗೈ ಎಲ್ಲಿ?” ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅಂಥ ತಪ್ಪು ಮಾಡಿರಲಿಲ್ಲ. ಅಷ್ಟು ಬಟ್ಟೆ ಹಾಳು. ಕತ್ತರಿಸಿದ ಮೇಲೆ ಯಾರ ಮೇಲೆ ರೇಗಿ ಏನು, ಕೂಡುವುದಿಲ್ಲವಲ್ಲ. ಆಗ ನಿನ್ನ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಪೂರ್ತಿ ಇಳಿದಿಲ್ಲ, ಸುಳ್ಳು ಹೇಳುವುದಿಲ್ಲ.

ನೀನು ನನ್ನ ಮೇಲೆ ರೇಗಿದ್ದೂ ಸರಿ. ಅದನ್ನು ಓದಿ ಹಿತವೆನಿಸಿತು. ಇಷ್ಟು ದಿನ ಎಲ್ಲರೂ ನನ್ನ ಕತ್ತು ನೋಡಿ ಮಾತಾಡುತ್ತಿದ್ದರು.

ನಿನ್ನ ಅಣ್ಣನಿಗೆ ಎಲ್ಲ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತದೆ, “ಮಾರಿದ ದುಡ್ಡೆಲ್ಲಿ ಅಂತ ನಾನ್ ಯಾವತ್ತಾದ್ರೂ ಕೇಳಿದ್ನಾ?” ಎಂದರು. ಆಮೇಲೆ, “ಹೊಲಿಗೆ ಯಂತ್ರಕ್ಕೆ ಅಷ್ಟುದ್ದದ ಬಿಡಿಭಾಗ ಯಾವ ಊರಲ್ಲಿರುತ್ತೆ?” ಎಂದರು. ನಾವಿಬ್ಬರೂ ತಿಂಗಳುಗಟ್ಟಲೆ ಕದ್ದು ಪತ್ರ ಬರೆದುಕೊಂಡದ್ದೇ ಬಂತು.

ಮುಟ್ಟುವುದಿಲ್ಲ ಎಂದು ಆಣೆ ಇಡಬೇಡ. ನನ್ನ ಆಣೆಯ ಗತಿ ನೋಡಿದೆಯಲ್ಲ. ಮುಂದಿನ ಭಾನುವಾರ ನಾವಿಬ್ಬರೂ ಬರುತ್ತೇವೆ. ಬಟ್ಟೆ ತೆಗೆದು, ಟೈರಿಗೆ ಗಾಳಿ ತುಂಬಿಸಿಡು. ಒಂದು ಸಲ ಕೂತು ನೋಡುತ್ತೇನೆ. ಡಾಕ್ಟರ ಲೆಕ್ಕ ತಪ್ಪಿರಲೂಬಹುದು.

ನಿನ್ನ ಅತ್ತಿಗೆ

*

ಜುಲೈ 4

ಪ್ರೀತಿಯ ಪುಟ್ಟಿ,

ಕ್ಷೇಮವಾಗಿ ತಲುಪಿದೆವು. ನಿನ್ನ ಅಣ್ಣ ಇಡೀ ದಾರಿ ಕಾರನ್ನು ಎಷ್ಟು ನಿಧಾನ ಓಡಿಸಿದರೆಂದರೆ ಬ್ರೆಡ್ಡಿನವರೂ ನಮ್ಮನ್ನು ದಾಟಿ ಹೋಗಿರಬೇಕು. ದಿಂಬಿನ ಕವರು ಹೊಲಿದಾಯಿತು, ಇದರ ಜೊತೆ ಕಳಿಸಿದ್ದೇನೆ. ನೀನೇ ಹೊಲಿದೆ ಎಂದು ಪಕ್ಕದ ಮನೆಯಾಕೆಗೆ ಕೊಡು.

ಅವತ್ತು ನಿನ್ನೆದುರು ಹೆಚ್ಚು ಮಾತಾಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫ್ಯಾಕ್ಟರಿಯ ಗೋಡೆಗೆ ಒಂದು ಕೈ ಊರಿ ಹತ್ತಿ ಕೂತಾಗ ಹಿಂದಿನಿಂದ ಸೀಟನ್ನು ಹಿಡಿದುಕೊಂಡರಲ್ಲ ನಿನ್ನ ಅಣ್ಣ, ಬಿಡಿ ಎಂದರೂ ಬಿಡಲಿಲ್ಲ. ಹ್ಯಾಂಡಲ್ ಹಿಡಿದು ಬಾಗಿದೆ. ನನ್ನ ಕೈಗಳು ಕಂಡವು, ಮುಂದಿನ ಚಕ್ರ ಕಂಡಿತು, ಚಕ್ರದ ಮುಂದೆ ಚಾಪೆಯಷ್ಟು ನೆಲ ಕಂಡಿತು. ರಸ್ತೆ ಕಾಣಲಿಲ್ಲ. ಕತ್ತು ಎತ್ತಲು ನೋಡಿದೆ, ಅದು ಬರಲಿಲ್ಲ. ಡಾಕ್ಟರ ಲೆಕ್ಕ ಸರಿಯಾಗಿತ್ತು. ಇಳಿದೆ. ನೀನು ಆ ಕಡೆ ತಿರುಗಿ ನಿಂತೆ, ನಾನು ನೋಡಿದೆ. ಅತ್ತದ್ದಕ್ಕೆ ನಾಚಿಕೊಳ್ಳಬೇಡ. ಕಾರಿನಲ್ಲಿ ನಾನೂ ಅತ್ತೆ. ನಿನ್ನ ಅಣ್ಣ ಗಾಜು ಒರೆಸುವ ನೆಪದಲ್ಲಿ ಗಾಡಿ ನಿಲ್ಲಿಸಿದರು.

ಆ ತುಂಡನ್ನು ನನ್ನ ಕೈಗೆ ಕೊಟ್ಟೆಯಲ್ಲ, ಅದು ಈಗ ಕತ್ತರಿ ಮೇಜಿನ ಮೇಲಿದೆ. ಬಟ್ಟೆಗೆ ಗುರುತು ಹಾಕುವ ಪೆನ್ಸಿಲು ಅದರಲ್ಲಿ ಚೆನ್ನಾಗಿ ನಿಲ್ಲುತ್ತದೆ. ನೆಟ್ಟನೆ ಕೂತು ಓಡಿಸುವಂಥ ಬೇರೆ ಸೈಕಲ್ಲೊಂದನ್ನು ನೋಡುತ್ತೇನೆ ಎಂದು ನಿನ್ನ ಅಣ್ಣ ದಿನಕ್ಕೆರಡು ಸಲ ಹೇಳುತ್ತಿದ್ದಾರೆ. ಹೂಂ ಎಂದಿದ್ದೇನೆ. ಓಡಿಸಲೂಬಹುದು. ಅದು ಬೇರೆ ಮಾತು.

ಆಮೇಲೆ ನಾನು ಜುಲುಮೆ ಮಾಡಿ ನಿನ್ನನ್ನು ಹತ್ತಿಸಿದೆನಲ್ಲ. ನೀನು ಗೇಟಿನಿಂದ ಹೊರಟು, ನೇರ ರಸ್ತೆಗೆ ಬಿದ್ದು, ಬಾಗಿದೆ. ನಾವು ಕಾರಿನಲ್ಲಿ ಹಿಂದೆ ಬಂದೆವು. ಒಂದು ಹಂತದ ಮೇಲೆ ನಿನ್ನ ಅಣ್ಣ ಜೋರಾಗಿ ಓಡಿಸಲೊಪ್ಪಲಿಲ್ಲ, ನೀನು ದೂರವಾಗತೊಡಗಿದೆ. ಕಿಟಕಿಯ ಗಾಜು ಇಳಿಸಿದೆ. ಆ ಗುಂಯ್ ಸದ್ದು ಕೇಳಿತು. ಅಷ್ಟು ವರ್ಷ ಅದರ ಮೇಲೆ ಕೂತವಳು ನಾನು, ಅದು ಹೋಗುವುದನ್ನು ನೋಡಿಯೇ ಇರಲಿಲ್ಲ. ಚೆನ್ನಾಗಿ ಹೋಗುತ್ತದೆ, ಪುಟ್ಟಿ.

ಇನ್ನು ಯಾರಾದರೂ ಕೇಳಿದರೆ ನಂದೇ ಅನ್ನು. ತಪ್ಪಿಲ್ಲ.

ಸೇತುವೆಯ ಮೇಲೆ ಗಾಳಿ ಬಡಿದಾಗ ನೀನು ಇನ್ನೂ ತುಳಿಯುವುದನ್ನು ನಿಲ್ಲಿಸುತ್ತೀಯ. ಹಿಂದಿನಿಂದ ಎಲ್ಲ ಕಾಣುತ್ತದೆ. ನಿಲ್ಲಿಸಬೇಡ.

ನಿನ್ನ ಅತ್ತಿಗೆ